ಹೊಳೆ ನಮಗೆ, ದೋಣಿ ಅವರಿಗೆ

ನಮ್ಮೂರಿನಲ್ಲಿ ಒಂದೇ ಒಲೆಯ ಅಡುಗೆ ಉಂಡವರಿಗೆಲ್ಲ ಮಧ್ಯಾಹ್ನ ಒಂದೇ ಕನಸು ಬೀಳುತ್ತದೆ. ರಾತ್ರಿಯದು ಬರೀ ನಿದ್ದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಚಾಪೆಯ ಮೇಲೆ ಅಡ್ಡಾದ ಮೇಲೆ ಶುರುವಾಗುವುದೇ ನಿಜವಾದದ್ದು. ಖಾನಾವಳಿಯಲ್ಲಿ ಉಂಡವರ ಕನಸು ಸಂತೆಯ ಹಾಗಿರುತ್ತದೆ, ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ಸಾಲೆಯ ಬಿಸಿಯೂಟ ಉಂಡ ಮಕ್ಕಳು ಕನಸಿನಲ್ಲಿ ಗದ್ದಲ ಮಾಡಬಾರದೆಂದು ಮಾಸ್ತರರೂ ಅದೇ ಸಾರು ಉಂಡು ಮಲಗುತ್ತಾರೆ. ಮನೆಯವರ ಮೇಲೆ ಮುನಿಸಿಕೊಂಡವರು ಊಟ ಬಿಟ್ಟು ಚುರುಮುರಿ ತಿಂದು ಮಲಗುತ್ತಾರೆ. ಚುರುಮುರಿಗೆ ಕನಸು ಬೀಳುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು ಹೋದರೆ ಏನೂ ಹೇಳಲಾಗದು, ಉಂಡು ಮಲಗಿದರೆ ಮಾತ್ರ ಸಂಬಂಧ ಗಟ್ಟಿಯೆಂದು ತಿಳಿಯಬೇಕು. ಇಷ್ಟೆಲ್ಲ ಇದ್ದರೂ ಒಂದು ಕಟ್ಟು ಇದೆ: ಕನಸಿನಲ್ಲಿ ಕಂಡದ್ದನ್ನು ಎಚ್ಚರದಲ್ಲಿ ಆಡಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬೇರೆ ಊರುಗಳಲ್ಲಿಯೂ ಇದೆಯಂತೆ. ಅದನ್ನು ಪಾಲಿಸುವವರು ಮಾತ್ರ ನಾವೇ ಇರಬೇಕು.

ನಮ್ಮ ಮನೆಯ ಕನಸು ಒಂದು ಹೊಳೆ. ನಾನು ಮದುವೆಯಾಗಿ ಬಂದ ಮರುದಿನ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಮಲಗಿದೆ. ಕಣ್ಣು ಮುಚ್ಚಿದ್ದೇ ತಡ, ನೀಲಿ ನೀರಿನ ದಂಡೆಯ ಮೇಲೆ ನಿಂತಿದ್ದೆ. ನನ್ನ ಗಂಡ ಮಹಾಂತಪ್ಪ ಬಿಳಿ ದೋಣಿಯೊಂದರ ಹಗ್ಗ ಬಿಚ್ಚುತ್ತಿದ್ದರು. ಅವರ ತಮ್ಮ ಈರಣ್ಣ ಹುಟ್ಟು ಹಿಡಿದು ಕುಳಿತಿದ್ದ. ದೋಣಿಯೊಳಗಿಂದ ಅತ್ತೆ ಕೈ ಚಾಚಿದರು. "ಬಾ ಶಿವಲೀಲಾ, ಅಂಜಬ್ಯಾಡ. ಇದರ ಹೆಸರು ಬೆಳ್ಳಕ್ಕಿ. ಇದು ಇಲ್ಲಿತನಕ ಯಾರನ್ನೂ ಮುಳುಗಿಸಿಲ್ಲ." ಆಚೆ ದಂಡೆಯ ತುಂಬ ಬಾರಿಹಣ್ಣಿನ ಗಿಡಗಳು. ಉಡಿ ತುಂಬ ಆಯ್ದುಕೊಂಡು ಈಚೆಗೆ ಬರುವುದು, ಎದ್ದಾಗ ನಾಲಿಗೆಯ ಮೇಲೆ ಇನ್ನೂ ಹುಳಿ ಇರುವುದು, ಚಹಾದ ಜೊತೆ ಅದು ಕರಗಿಹೋಗುವುದು. ಕೆಲವು ವರ್ಷ ಬಿಟ್ಟು ಈರಣ್ಣನ ಕೈಹಿಡಿದು ಸುವರ್ಣಾ ಬಂದಳು. ಅವಳು ನನಗೆ ವಾರಗಿತ್ತಿ ಎಂದು ಊರು ಹೇಳುತ್ತಿತ್ತು. ದೋಣಿಯ ಮೂತಿಯಲ್ಲಿ ಇಬ್ಬರೂ ಕಾಲು ನೀರಿಗೆ ಬಿಟ್ಟು ಕುಳಿತಾಗ ನಾವು ಅದಕ್ಕಿಂತ ಹತ್ತಿರದವರಾಗಿದ್ದೆವು. ಒಡಹುಟ್ಟಿದ ತಂಗಿಯ ಮೇಲೂ ನನಗೆ ಅಷ್ಟು ಜೀವವಿಲ್ಲ, ಬೇಕಾದರೆ ಅವಳಿಗೇ ಹೇಳಿ.

ಆಮೇಲೆ ಆ ದಿನ ಬಂತು. ನನ್ನ ಗಂಡ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅಂದು ಗಿರಣಿಯಲ್ಲಿ ಪಾಳಿ ಹೆಚ್ಚಿತ್ತು, ತಡವಾಗಿ ಬಂದು ಉಂಡು ತಡವಾಗಿ ಮಲಗಿದರು. ಅವರು ದಂಡೆಗೆ ಬರುವ ಹೊತ್ತಿಗೆ ಈರಣ್ಣ ನಮ್ಮಿಬ್ಬರು ಹೆಂಗಸರನ್ನಷ್ಟೇ ಕೂರಿಸಿಕೊಂಡು ದೋಣಿ ನಡೆಸುತ್ತ ವಾಪಸು ಬರುತ್ತಿದ್ದ. ಅತ್ತೆ ಆಚೆ ಉಳಿದಿದ್ದರು. "ಆಮ್ಯಾಲ ಬರ್ತೀನಿ, ನೀ ನಡಿ" ಎಂದು ಅವನನ್ನು ಕಳಿಸಿದ್ದನ್ನು ನಾನೂ ಸುವರ್ಣಾಳೂ ಕಣ್ಣಾರೆ ಕಂಡಿದ್ದೆವು. ಅದೇ ವಾರ ಅತ್ತೆ ಹಾಸಿಗೆಯಲ್ಲೇ, ಯಾರಿಗೂ ತ್ರಾಸು ಕೊಡದೆ ಹೋದರು. ಅವರ ದಿನಕರ್ಮದ ಊಟಕ್ಕೆ ಬಳಗವೆಲ್ಲ ಕೂಡಿದ್ದಾಗ ನನ್ನ ಗಂಡ ಕಟ್ಟು ಮುರಿದರು. ಎಲ್ಲರ ಎದುರಿಗೆ, "ಅವ್ವನ್ನ ದಾಟಿಸಿ ಬಿಟ್ಟು ಬಂದಾಂವ ಇಂವ!" ಎಂದು ಕೂಗಿದರು. ಈರಣ್ಣನ ಮುಖ ಬಿಳಿಚಿಕೊಂಡಿತು. "ಆಕೀನ ಕೇಳಿದ್ಲು ಅಣ್ಣಾ" ಎಂದ. ಅಣ್ಣತಮ್ಮಂದಿರ ನಡುವಿನ ಕೊನೆಯ ಮಾತು ಅದೇ.

ಪಾಲು ಮಾಡಲು ಪಂಚರು ಕುಳಿತರು. ಹೊಲ, ದನ, ಹಂಡೆ, ಕೊಪ್ಪರಿಗೆ ಎಲ್ಲ ಮುಗಿದ ಮೇಲೆ ಹಿರಿಯರಾದ ಗುರುಪಾದಪ್ಪನವರು ಕೆಮ್ಮಿ, "ಕನಸಿಂದೇನು?" ಎಂದರು. ಕೊನೆಗೆ ಅವರೇ ಹೊಳೆಯನ್ನು ಹಿರಿಯನಿಗೂ ದೋಣಿಯನ್ನು ಕಿರಿಯನಿಗೂ ಹಚ್ಚಿದರು. ನ್ಯಾಯವೆಂದರೆ ನ್ಯಾಯವೇ, ಅದಕ್ಕೆ ಹೆಸರಿಡುವ ಹಾಗಿರಲಿಲ್ಲ. ನಡುಮನೆಯಲ್ಲಿ ಗೋಡೆ ಎದ್ದಿತು, ಒಲೆ ಎರಡಾಯಿತು. ಅಂದಿನಿಂದ ನಾವು ಮಧ್ಯಾಹ್ನವಾದರೆ ದೋಣಿಯಿಲ್ಲದ ಹೊಳೆಯ ದಂಡೆಯಲ್ಲಿ ನಿಲ್ಲುತ್ತಿದ್ದೆವು. ಅವರ ಕನಸು ಹೇಗಿತ್ತೋ ಕೇಳುವಂತಿರಲಿಲ್ಲ. ಆದರೆ ಸಂಜೆ ನಲ್ಲಿಯ ಹತ್ತಿರ ಸುವರ್ಣಾ ಕೊಡ ಎತ್ತುವಾಗ ಅವಳ ಸೆರಗಿನಿಂದ ಒಣ ಮರಳು ಉದುರುತ್ತಿತ್ತು. ನನ್ನ ಸೀರೆಯ ಅಂಚು ಒದ್ದೆಯಾಗಿರುತ್ತಿತ್ತು. ಅವಳು ನನ್ನ ಅಂಚು ನೋಡುತ್ತಿದ್ದಳು, ನಾನು ಅವಳ ಸೆರಗು ನೋಡುತ್ತಿದ್ದೆ. ಕೊಡ ತುಂಬುತ್ತಿತ್ತು, ಹೋಗುತ್ತಿದ್ದೆವು.

ಆಚೆ ದಂಡೆಯಲ್ಲಿ ಅತ್ತೆ ಕಾಣುತ್ತಿದ್ದರು. ಹಸಿರು ಇಳಕಲ್ ಸೀರೆ ಉಟ್ಟು, ಬಾರಿ ಗಿಡದ ಬುಡದಲ್ಲಿ ಕುಳಿತು, ಮೊರದಲ್ಲಿ ಏನೋ ಕೇರುತ್ತಿದ್ದರು. ನಡುನಡುವೆ ತಲೆ ಎತ್ತಿ ನಮ್ಮ ಕಡೆ ನೋಡಿ ಏನೋ ಹೇಳುತ್ತಿದ್ದರು. ನೀರಿನ ಸಪ್ಪಳದಲ್ಲಿ ಒಂದು ಅಕ್ಷರವೂ ದಾಟಿ ಬರುತ್ತಿರಲಿಲ್ಲ. ನನ್ನ ಗಂಡ ಪಾದ ನೀರಿಗೆ ತಾಗುವಷ್ಟು ಮುಂದೆ ಕುಳಿತು, ಕೈಯನ್ನು ಕಿವಿಯ ಹಿಂದೆ ಹಿಡಿದು, "ಏನಂದಿ ಅವ್ವಾ?" ಎಂದು ಕೇಳುತ್ತಲೇ ಇರುತ್ತಿದ್ದರು. ಎದ್ದು ಚಹಾ ಕುಡಿಯುವಾಗಲೂ ಆ ಕೈ ಕಿವಿಯ ಹಿಂದೆಯೇ ಇರುತ್ತಿತ್ತು. ಅವ್ವ ಏನು ಹೇಳುತ್ತಿದ್ದಾಳೆಂದು ಒಮ್ಮೆ ಕೇಳಿಬಿಟ್ಟರೆ ಸಾಕು, ಅವರಿಗೆ ಬೇರೇನೂ ಬೇಡವಾಗಿತ್ತು. ಗಿರಣಿಯ ಬೆಲ್ಟು ಹರಿದರೂ ಕಟ್ಟಿಸದೆ ಊಟದ ಹೊತ್ತನ್ನೇ ಕಾಯುತ್ತಿದ್ದರು. ಗಂಡನ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಇಂಥ ಮನೆಗೆ ವೈಫೈ ಬಂದದ್ದು ನನ್ನ ಮಗಳು ದಾಕ್ಷಾಯಣಿಯಿಂದ. ಅವಳು ಫೋನಿನಲ್ಲಿ ದೂರದ ಊರುಗಳ ಹೆಂಗಸರಿಗೆ ಕಸೂತಿ ಕಲಿಸುತ್ತಾಳೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಒಂದು ಎಳೆ ತಪ್ಪಿದರೆ ಗೋಪುರ ಹೋಗಿ ಗೂಡಂಗಡಿಯಾಗುತ್ತದೆ. ಅಷ್ಟರಲ್ಲಿ ನೆಟ್ ಹೋಗುತ್ತಿತ್ತು. ಆಚೆಯ ಹೆಂಗಸರಿಗೆ ಇವಳ ಸೂಜಿ ಗಾಳಿಯಲ್ಲಿ ನಿಂತುಬಿಟ್ಟಂತೆ ಕಾಣುತ್ತಿತ್ತಂತೆ. "ಅವ್ವಾ, ಅರ್ಧ ಗೋಪುರ ಕಲಿಸಿ ಬಿಟ್ರ ನನಗ ಪಾಪ ಸುತ್ತಕೊಳ್ತೈತಿ" ಎಂದು ಹಟ ಹಿಡಿದಳು. ಹೀಗೆ ಒಂದು ಬೆಳಿಗ್ಗೆ ದಸ್ತಗೀರ ಎಂಬವನು ಹೆಗಲಿಗೆ ಚೀಲ ಹಾಕಿಕೊಂಡು, ಎರಡು ಕಡ್ಡಿ ನೆಟ್ಟಗೆ ನಿಂತ ಬಿಳಿ ಡಬ್ಬಿಯೊಂದನ್ನು ಹಿಡಿದು ಬಂದ. ಬೇರೆ ಊರಿನವನು, ನಮ್ಮೂರಿನ ರೀತಿ ರಿವಾಜು ಅವನಿಗೆ ತಿಳಿಯದು.

"ಇದರ ತಂತಿ ಎಲ್ಲಿತನಕ ಹೋಗ್ತೈತಿ?" ಎಂದು ನನ್ನ ಗಂಡ ಕೇಳಿದರು.

"ತಂತಿ ಈ ಡಬ್ಬಿಗೆ ಬಂದು ಮುಗೀತ್ರಿ ಅಣ್ಣಾರ. ಮುಂದ ಗಾಳ್ಯಾಗ ಹೋಗ್ತೈತಿ."

"ಗಾಳ್ಯಾಗ ಎಲ್ಲಿತನಕ?"

"ಗ್ವಾಡಿ ತೆಳ್ಳಗಿದ್ರ ಆಚೀ ಮನೀತನಕಾನೂ."

ನನ್ನ ಗಂಡ ಹಣೆ ಗಂಟಿಕ್ಕಿದರು. ದಸ್ತಗೀರನಿಗೆ ಅದು ಕಾಣಲಿಲ್ಲ. ಡಬ್ಬಿಯನ್ನು ನೆಲಕ್ಕೆ ಇಡಬಾರದು, ಕಪಾಟಿನಲ್ಲಿ ಮುಚ್ಚಿಡಬಾರದು, ಫ್ರಿಜ್ಜಿನ ಪಕ್ಕ ಬೇಡ, ಮನೆಯ ನಟ್ಟನಡುವೆ ಎತ್ತರದಲ್ಲಿರಬೇಕು ಎನ್ನುತ್ತ ಫೋನು ಹಿಡಿದು ಕೋಣೆ ಕೋಣೆ ತಿರುಗಿದ. ತಿರುಗಿ ತಿರುಗಿ ಬಂದು ನಿಂತದ್ದು ಪಾಲಿನ ಗೋಡೆಯ ಮುಂದೆ. "ಇದು ನೋಡ್ರಿ ಮನೀ ನಡು" ಎಂದ. ಇದು ನಮ್ಮ ಮನೆಯ ನಡುವಲ್ಲ, ಅಂಚು ಎಂದು ನನ್ನ ಗಂಡ ಹೇಳಬೇಕಿತ್ತು. ದಸ್ತಗೀರ ಮೊಳೆ ಹೊಡೆದು ಡಬ್ಬಿಯನ್ನು ಅಲ್ಲೇ ನೇತುಹಾಕಿದ. ನಾನು ಅದಕ್ಕೆ ಕುಂಕುಮ ಹಚ್ಚಿದೆ. "ಹಿಂದಿನ ತೂತಿನ್ಯಾಗ ಬೀಳದಂಗ ಹಚ್ರಿ ಅಕ್ಕಾರ" ಎಂದು ನಕ್ಕ.

ಆಮೇಲೆ ಪಾಸ್‌ವರ್ಡಿನ ಮಾತು ಬಂತು. "ಹೊರಗಿನವರು ಯಾರಿಗೂ ಗೊತ್ತಿರಬಾರದು, ಮನೀ ಮಂದಿ ಯಾರೂ ಮರೀಬಾರದು, ಅಂಥಾ ಒಂದು ಮಾತು ಹೇಳ್ರಿ" ಎಂದ ದಸ್ತಗೀರ. "ಎಂಟು ಅಕ್ಷರಕ್ಕಿಂತ ಕಡಿಮಿ ನಡಿಯಂಗಿಲ್ಲ." ದಾಕ್ಷಿ ತನ್ನ ಹುಟ್ಟಿದ ದಿನ ಎಂದಳು. ಅದು ಊರಿಗೆಲ್ಲ ಗೊತ್ತೆಂದು ಅವರಪ್ಪ ತಳ್ಳಿಹಾಕಿದರು. ನಾನು ಮನೆದೇವರ ಹೆಸರು ಎಂದೆ. ಅದು ಅರ್ಧ ಊರಿನ ಮನೆದೇವರು. ನನ್ನ ಗಂಡ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು, ಯಾರಿಗೂ ಸುಳಿವು ಹತ್ತದಂಥದ್ದು ಸಿಕ್ಕಿತೆಂಬ ಹಮ್ಮಿನಿಂದ, "ಬೆಳ್ಳಕ್ಕಿ" ಎಂದರು. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಎಂಟು ಅಕ್ಷರವಾಯಿತು. ನಾನು ಸೆರಗು ಬಾಯಿಗೆ ಹಿಡಿದುಕೊಂಡೆ. ಈ ಭೂಮಿಯ ಮೇಲೆ ಆ ಹೆಸರು ಬಲ್ಲವರು ನಮ್ಮನ್ನು ಬಿಟ್ಟರೆ ಇಬ್ಬರೇ, ಆ ಇಬ್ಬರೂ ಇದ್ದದ್ದು ಆ ಗೋಡೆಯ ಹಿಂದೆಯೇ. ಆದರೆ ಅದನ್ನು ಹೇಳಬೇಕಾದರೆ ಕನಸಿನ ಮಾತು ಎಚ್ಚರದಲ್ಲಿ ಆಡಬೇಕಾಗುತ್ತಿತ್ತು.

ದಸ್ತಗೀರನಿಗೆ ಊಟ ಬಡಿಸದೆ ಕಳಿಸಲಾದೀತೇ? ಉಂಡು, ಬಿಸಿಲು ಇಳಿಯಲಿ ಎಂದು ಕಟ್ಟೆಯ ಮೇಲೆ ಅಡ್ಡಾದ. ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೊಳೆಯ ದಂಡೆಗೆ ಬಂದು, ಪ್ಯಾಂಟು ಮಡಚಿ, ನಮ್ಮ ಪಕ್ಕದಲ್ಲಿ ಸಂಕೋಚದಿಂದ ನಿಂತ. ಎದ್ದವನೇ ಕಣ್ಣುಜ್ಜಿಕೊಳ್ಳುತ್ತ, "ಆಚೀ ದಂಡ್ಯಾಗ ಮೊರಾ ಹಿಡಕೊಂಡು ಕುಂತಾಕಿ ಯಾರ್ರೀ?" ಎಂದು ಕೇಳಿಯೇಬಿಟ್ಟ. "ಇಲ್ಲೆ ಹಂಗ ಕೇಳಂಗಿಲ್ರಿ" ಎಂದು ದಾಕ್ಷಿ ಮೆಲ್ಲಗೆ ಹೇಳಿದಳು. ಅವನು ತಲೆ ಕೆರೆದುಕೊಂಡು, ಚೀಲ ಎತ್ತಿಕೊಂಡು ಹೋದ. ಹೋಗುವಾಗ ಅವನ ಪ್ಯಾಂಟಿನ ಮಡಿಕೆಯಿಂದ ಎರಡು ಹನಿ ನೀರು ಬಿದ್ದವು.

ಕೆಲವು ದಿನ ಏನೂ ಆಗಲಿಲ್ಲ. ದಾಕ್ಷಿಯ ಗೋಪುರಗಳು ಪೂರ್ತಿಯಾಗತೊಡಗಿದವು, ಅಷ್ಟೆ. ಒಂದು ಬೆಳಿಗ್ಗೆ ಗೋಡೆಯಾಚೆಯ ಫೋನಿನಲ್ಲಿ ಹಾಡೊಂದು ಎಲ್ಲಿಯೂ ತಡವರಿಸದೆ ಮೊದಲಿನಿಂದ ಕೊನೆಯವರೆಗೆ ಹರಿಯಿತು. ಅದುವರೆಗೆ ಸುವರ್ಣಾಳ ಫೋನಿನಲ್ಲಿ ಒಂದು ಹಾಡೂ ಪಲ್ಲವಿ ದಾಟಿದ್ದಿಲ್ಲ. ಅಂದು ಮಧ್ಯಾಹ್ನ ಹೊಳೆಯ ತಿರುವಿನಲ್ಲಿ ಬಿಳಿಯದೊಂದು ಚುಕ್ಕೆ ಕಂಡಿತು. ಹಕ್ಕಿಯೇನೋ ಎಂದುಕೊಂಡೆ. ಮರುದಿನ ಚುಕ್ಕೆಗೆ ಮೂತಿ ಬಂತು, ಹುಟ್ಟಿನ ಸಪ್ಪಳ ಬಂತು. ದೋಣಿಯಲ್ಲಿ ಈರಣ್ಣ ನಿಂತಿದ್ದ. ಎಷ್ಟು ಸೊರಗಿದ್ದ! ಮೂತಿಯಲ್ಲಿ ಸುವರ್ಣಾ ಕುಳಿತಿದ್ದಳು, ಕಾಲು ನೀರಿಗೆ ಬಿಟ್ಟು. ಎಷ್ಟೋ ವರ್ಷದಿಂದ ಒಣ ಮರಳಿನಲ್ಲಿ ದೋಣಿ ತಳ್ಳಿದವಳು ಆ ನೀರನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಮುಖಕ್ಕೆ ಹಾಕಿಕೊಳ್ಳುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಗಂಡ ಮಾತ್ರ ದೋಣಿಗೆ ಬೆನ್ನು ಮಾಡಿ ಕುಳಿತರು. ಊರಿಗೇ ಒಂದು ದಾರಿಯಾದರೆ ಯಡವಟ್ಟನಿಗೇ ಒಂದು ದಾರಿ ಎಂದು ಸುಮ್ಮನೆ ಹೇಳಿಲ್ಲ.

ದೋಣಿ ದಿನದಿನಕ್ಕೆ ಹತ್ತಿರ ಬಂದು ಒಂದು ಮಧ್ಯಾಹ್ನ ನಮ್ಮ ದಂಡೆಗೆ ತಾಗಿತು. ಈರಣ್ಣ ಹುಟ್ಟನ್ನು ಎತ್ತಿ ಹಿಡಿದು ಅಣ್ಣನ ಬೆನ್ನನ್ನೇ ನೋಡುತ್ತ ನಿಂತ. ಕರೆಯಲಿಲ್ಲ, ಹೋಗಲೂ ಇಲ್ಲ. ಸುವರ್ಣಾ ಕೈ ಚಾಚಿದಳು. ನಾನು ಒಂದು ಕಾಲು ದೋಣಿಯಲ್ಲಿಟ್ಟೆ, ಇನ್ನೊಂದು ಕಾಲು ಗಂಡನ ಪಕ್ಕದ ಕೆಸರಿನಿಂದ ಕಿತ್ತುಬರಲಿಲ್ಲ. ಹಾಗೆಯೇ ಎಚ್ಚರವಾಯಿತು.

ಅದೇ ಸಂಜೆ ದಾಕ್ಷಿಯ ಪಾಠ ನಡುವೆ ತಡವರಿಸಿತು. ಅವಳು ಫೋನಿನಲ್ಲಿ ಏನೋ ತೆರೆದು ನೋಡಿ, ಯೋಚನೆಯಿಲ್ಲದೆ ಬಾಯಿಬಿಟ್ಟಳು. "ನಮ್ಮನಿ ಫೋನು ಮೂರೇ. ಡಬ್ಬಿಗೆ ಐದು ಹತ್ಯಾವಲ್ಲ!" ಅವರಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು. ಈರಣ್ಣ ಎಂದೂ ಸುವರ್ಣಾ ಎಂದೂ ಎರಡು ಹೆಸರು ನಮ್ಮ ಹೆಸರುಗಳ ಕೆಳಗೇ ಕುಳಿತಿದ್ದವು, ಮೊದಲಿನ ರೇಷನ್ ಕಾರ್ಡಿನಲ್ಲಿ ಇದ್ದ ಹಾಗೆ. ನನ್ನ ಗಂಡನ ಮೀಸೆ ಅದುರಿತು.

"ಪಾಲು ಕೊಟ್ಟು ಆತು, ಇನ್ನ ಕದೀತಾರೇನು? ಈಗಿಂದೀಗ ಬದಲಿ ಮಾಡು."

"ಇರಲಿ ಬಿಡಪ್ಪಾ. ಚಿಗವ್ವ ಹಾಡು ಕೇಳ್ತಾಳ, ಅಷ್ಟ."

"ಮಾಡು ಅಂದ್ರ ಮಾಡು!"

ದಾಕ್ಷಿ ತನಗೆ ತೋಚಿದ ಅಂಕಿ ಅಕ್ಷರ ಕಲಸಿ ಹೊಸದೊಂದು ಹಾಕಿದಳು. ಗೋಡೆಯಾಚೆ ಹರಿಯುತ್ತಿದ್ದ ಹಾಡು ನಡುವೆಯೇ ನಿಂತಿತು. ಮತ್ತೆ ಶುರುವಾದೀತೆಂದು ನಾನು ಕಿವಿಗೊಟ್ಟು ನಿಂತೆ, ಆಗಲಿಲ್ಲ.

ಮರುದಿನ ಮಧ್ಯಾಹ್ನ ದೋಣಿ ಇರಲಿಲ್ಲ. ಅದಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಹೊಳೆ ಅಗಲವಾಗಿತ್ತು. ಆಚೆ ದಂಡೆ ಹಿಂದೆ ಸರಿದು ಮಬ್ಬಾಗಿತ್ತು, ಬಾರಿ ಗಿಡಗಳು ಹುಲ್ಲಿನಷ್ಟಾಗಿದ್ದವು. ಅತ್ತೆ ಎದ್ದು ನಿಂತು ಮೊರ ಕೊಡವಿದರು. ಕೂತಿದ್ದ ಚಾಪೆ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ನಮ್ಮ ಕಡೆ ತಿರುಗಿ ಏನೋ ಹೇಳಿದರು, ಈ ಸಲ ತುಟಿ ಅಲುಗಿದ್ದೂ ಸರಿಯಾಗಿ ಕಾಣಲಿಲ್ಲ. ನನ್ನ ಗಂಡ ಮೊಣಕಾಲಿನವರೆಗೆ ನೀರಿಗೆ ಇಳಿದು, "ಹೋಗಬ್ಯಾಡವಾ! ಏನಂದಿ? ಕೇಳವಲ್ದು!" ಎಂದು ಕೂಗುತ್ತಿದ್ದರು. ಅತ್ತೆ ಗಿಡಗಳ ನಡುವೆ ನಾಲ್ಕು ಹೆಜ್ಜೆ ಹೋಗಿ, ನಿಂತು, ಮತ್ತೆ ಹೊಳೆಯತ್ತ ನೋಡಿದರು. ಯಾರದೋ ದಾರಿ ಕಾದು ಕಾದು ಸಾಕಾದವರು ನೋಡುವಂತೆ ನೋಡಿದರು.

ಎದ್ದಾಗ ನನ್ನ ಗಂಡನ ಧೋತರ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಗೋಡೆಗೆ ಒರಗಿ ಕುಳಿತಿದ್ದರು, ಚಹಾ ಬೇಡವೆಂದರು. ಕಟ್ಟು ಮುರಿದು ಒಮ್ಮೆ ಈ ಮನೆ ಎರಡಾಗಿದೆ, ಇನ್ನೊಮ್ಮೆ ಮುರಿದರೆ ಏನಾದೀತೋ ಎಂದು ಅಂಜಿದೆ. ಈ ಹೊಳೆಯೂ ಹೋದರೆ? ಬರೀ ರಾತ್ರಿಯ ನಿದ್ದೆಯಂಥ ಕಪ್ಪು ನಿದ್ದೆ ಮಧ್ಯಾಹ್ನವೂ ಬಂದರೆ? ಆದರೂ ಹೇಳಿಯೇಬಿಟ್ಟೆ.

"ನೀವು ಅವರ ಫೋನಿಗೆ ಕೀಲಿ ಹಾಕಿಲ್ಲ. ದೋಣಿಗೆ ಹಾಕೀರಿ."

ದಾಕ್ಷಿ ಹೌಹಾರಿ ನನ್ನ ಕೈ ಹಿಡಿದಳು. ನಾನು ನಿಲ್ಲಿಸಲಿಲ್ಲ. "ಬೆಳ್ಳಕ್ಕಿ ನಮ್ಮ ದಂಡಿಗೆ ಬಂದು ನಿಂತಿತ್ತು. ನೀವು ಮಾರಿ ತಿರುವಿದ್ರಿ. ಅತ್ತಿ ಹೇಳೂದು ಕೇಳಸವಲ್ದು ಅಂತ ದಿನಾ ಒದ್ದಾಡ್ತೀರಿ. ಇಲ್ಲಿ ಕುಂತು ಕಿವಿ ಹಿಡಕೊಂಡ್ರ ಹೆಂಗ ಕೇಳೀತು? ಆಚೆ ಹೋಗಬೇಕು. ಹೋಗಾಕ ದೋಣಿ ಬೇಕು. ದೋಣಿ ನಿಮ್ಮ ತಮ್ಮಂದು."

ಸೂರು ಬೀಳಲಿಲ್ಲ. ಅವರು ಸಿಟ್ಟಾಗಲೂ ಇಲ್ಲ. ಧೋತರದ ಅಂಚು ಹಿಂಡಿದರು, ನೆಲದ ಮೇಲೆ ಬಿದ್ದ ನೀರನ್ನೇ ನೋಡುತ್ತ ಕುಳಿತರು. ಆಮೇಲೆ ಸಣ್ಣ ದನಿಯಲ್ಲಿ, "ನಾ ಅವತ್ತ ತಡಾ ಮಾಡಿ ಉಂಡೆ" ಎಂದರು. ಇಷ್ಟು ವರ್ಷ ಅವರು ತಮ್ಮನ ಮೇಲೆ ಹೊರಿಸಿದ್ದು ಯಾವ ಭಾರವೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋಗಲಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದಾಕ್ಷಿಯನ್ನು ಕರೆದು ಡಬ್ಬಿಯ ಕೆಳಗೆ ನಿಲ್ಲಿಸಿಕೊಂಡರು. "ಪಾಸ್‌ವರ್ಡ್ ಬದಲಿ ಮಾಡು. ನಾ ಹೇಳ್ತೀನಿ" ಎಂದರು. ಮಗಳು ಮೊಳ ದೂರದಲ್ಲಿ ನಿಂತಿದ್ದಳು. ಅವರು ಅವಳ ಕಡೆ ನೋಡದೆ, ಗೋಡೆಗೆ ಮುಖ ಮಾಡಿ, ಗಿರಣಿ ನಡೆಯುವಾಗ ಕೂಗುವ ದನಿಯಲ್ಲಿ ಕೂಗಿದರು:

"ಮಾಂತೀರಾ!"

ಅತ್ತೆ ಹಾಗೆ ಕರೆಯುತ್ತಿದ್ದರು. ಇಬ್ಬರಲ್ಲಿ ಒಬ್ಬನೇ ಬೇಕಾಗಿದ್ದರೂ ಮಹಾಂತ, ಈರಾ ಎರಡನ್ನೂ ಒಂದೇ ಉಸಿರಿನಲ್ಲಿ ಕೂಡಿಸಿ ಕೂಗುತ್ತಿದ್ದರು; ಯಾರು ಹತ್ತಿರವಿದ್ದರೋ ಅವರು ಓಡಿ ಬರುತ್ತಿದ್ದರು.

"ಅಪ್ಪಾ, ನಾ ಇಲ್ಲೇ ಅದೀನಿ. ಯಾಕ ಒದರತಿ?" ಎಂದಳು ದಾಕ್ಷಿ.

"ಕೇಳಸ್ತಿಲ್ಲೋ? ಮಾಂತೀರಾ! ಹೊಸಾ ಪಾಸ್‌ವರ್ಡ್!"

ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ನಿಂ­ತಿತು. ನನ್ನ ಗಂಡ ಅಂಗೈಯನ್ನು ಗೋಡೆಗೆ ಊರಿ ನಿಂತಿದ್ದರು, ಕತ್ತಿನ ನರ ಉಬ್ಬಿತ್ತು. ಆಮೇಲೆ ಒಂದು ಕೆಮ್ಮು ಕೇಳಿಸಿತು. ಗಂಟಲು ಸರಿಮಾಡಿಕೊಂಡು, ಗೋಡೆಗೆ ತೀರ ಹತ್ತಿರದಿಂದ, ಈರಣ್ಣ ಕೇಳಿದ:

"ಮೊದಲನೇ ಅಕ್ಷರ ದೊಡ್ಡದೋ, ಸಣ್ಣದೋ?"

ನನ್ನ ಗಂಡ ಹಣೆಯನ್ನು ಗೋಡೆಗೆ ಆನಿಸಿದರು.

"ಎಲ್ಲಾ ಸಣ್ಣವ ಅದಾವೋ ಈರಾ."

ಅವರ ಭುಜ ಅಲುಗುತ್ತಿತ್ತು. ಆಚೆಯಿಂದ ಮೂಗು ಒರೆಸಿಕೊಳ್ಳುವ ಸಪ್ಪಳ ಬಂತು. ಅದರ ಹಿಂದೆಯೇ ಸುವರ್ಣಾಳ ದನಿ, ಓಡಿ ಬಂದು ಏದುಸಿರಿನಲ್ಲಿ:

"ಅಕ್ಕಾ, ಇವತ್ತ ಲಗೂನ ಉಣ್ರಿ!"

ಹೊತ್ತಿನ್ನೂ ಏರಿರಲಿಲ್ಲ, ಪಲ್ಯ ಅರ್ಧ ಬೆಂದಿತ್ತು. ನಾನು ತಾಟು ಹಾಕಿದೆ.